ಬ್ರೇಕಿಗಿಟ್ಟ ಬೊಟ್ಟು

ಮಾವಿನ ಕಾಲ ಬಂತೆಂದರೆ ಗೌನಿಪಲ್ಲಿಯ ಹೆಂಗಸರಿಗೆ ಕೂರಲು ಪುರುಸೊತ್ತಿಲ್ಲ. ಮುದ್ದೆ ಮಾಡಿಟ್ಟು, ಮಕ್ಕಳಿಗೆ ಜಡೆ ಹಾಕಿ, ಊಟದ ಡಬ್ಬಿ ಹಿಡಿದು ಅರಳಿಕಟ್ಟೆಯ ಹತ್ತಿರ ನಿಂತರೆ ಕಾಂತರಾಜನ ಬಿಳಿ ವ್ಯಾನು ಬರುತ್ತಿತ್ತು. ಶ್ರೀನಿವಾಸಪುರದ ಮಂಡಿಯಲ್ಲಿ ಕಾಯಿ ಆರಿಸಿ, ಪೆಟ್ಟು ಬಿದ್ದದ್ದನ್ನು ಬೇರೆ ಮಾಡಿ ಕ್ರೇಟಿಗೆ ತುಂಬುವ ಕೆಲಸ. ಯಾರು ಬರಬೇಕು, ಯಾರು ಬೇಡ ಎನ್ನುವುದೆಲ್ಲ ಶಾಮಲಮ್ಮನ ಮಾತು. ಮಂಡಿಯವರು ಅವಳನ್ನು ನಂಬಿ ಕೆಲಸ ಕೊಡುತ್ತಿದ್ದರು, ಹೆಂಗಸರು ಅವಳನ್ನು ನಂಬಿ ವ್ಯಾನು ಹತ್ತುತ್ತಿದ್ದರು.

ವ್ಯಾನು ಅವಳ ತಮ್ಮನದು. ತಮ್ಮ ಅಂದರೆ ಬರೀ ತಮ್ಮನೇ? ತಾಯಿ ತೀರಿಕೊಂಡಾಗ ಕಾಂತರಾಜ್ ಇನ್ನೂ ತೊದಲು ಮಾತಾಡುವ ಕೂಸು. ಶಾಮಲಮ್ಮ ಮದುವೆಯಾಗಿ ಗೌನಿಪಲ್ಲಿಗೆ ಬರುವಾಗ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಂದಳು. ಗಂಡ ಅಶ್ವತ್ಥಪ್ಪ ಪುಣ್ಯಾತ್ಮ, ಒಂದು ಮಾತೂ ಆಡಲಿಲ್ಲ. ತಮ್ಮನಿಗೆ ಕೈತುತ್ತು ತಿನ್ನಿಸಿದವಳು ಅವಳು, ಮೀಸೆ ಬಂದಮೇಲೂ ಜ್ವರ ಬಂದರೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂತವಳು ಅವಳು. ಅವನು ವ್ಯಾನು ತಂದ ದಿನ ಅವಳಿಗೆ ನೆಲದ ಮೇಲೆ ಕಾಲೇ ನಿಂತಿರಲಿಲ್ಲ.

ಯುಗಾದಿ ಕಳೆದ ಮೇಲೆ ವ್ಯಾನನ್ನು, ಗಾಡಿ ಓಡಲು ಯೋಗ್ಯವೇ ಎಂದು ಆರ್‌ಟಿಓದವರು ನೋಡುವ ಎಫ್‌ಸಿಗೆ ಕೋಲಾರಕ್ಕೆ ಒಯ್ಯಬೇಕಿತ್ತು. ಹಿಂದಿನ ದಿನ ಕಾಂತರಾಜ್ ಒಂದು ಗೋಣಿಚೀಲ ಹಿಡಿದು ಅಕ್ಕನ ಮನೆಗೆ ಬಂದ. ಒಳಗೆ ಹೊಸ ಬ್ರೇಕ್ ಶೂಗಳಿದ್ದವು. ಅರ್ಧಚಂದ್ರದ ಆಕಾರದ ಕಬ್ಬಿಣ, ಅದರ ಬೆನ್ನಿಗೆ ಚಕ್ರವನ್ನು ಉಜ್ಜಿ ನಿಲ್ಲಿಸುವ ದಪ್ಪನೆಯ ಪಟ್ಟಿ, ಲೈನರ್.

"ಅಕ್ಕಾ, ಹೊಸ ಬ್ರೇಕ್ ಹಾಕಿಸ್ತಿದೀನಿ. ನಿನ್ನ ಕೈ ಒಳ್ಳೇದು. ಒಂದು ಬೊಟ್ಟಿಡು."

ಒಣ ಕುಂಕುಮ ಕಬ್ಬಿಣಕ್ಕೆ ಹತ್ತುವುದಿಲ್ಲ ಎಂದು ಶಾಮಲಮ್ಮ ಅದನ್ನು ಹರಳೆಣ್ಣೆಯಲ್ಲಿ ಕಲಸಿ, ಒಂದೊಂದು ಶೂಗೂ ದೊಡ್ಡದಾಗಿ ಬೊಟ್ಟಿಟ್ಟಳು. ಕೈ ಮುಗಿದಳು ಕೂಡ. ಮಾರನೇ ದಿನ ವ್ಯಾನು ಪಾಸಾಯಿತು. ಸಂಜೆ ಕಾಂತರಾಜ್ ಮೈಸೂರುಪಾಕು ತಂದುಕೊಟ್ಟ.

ಮಾವಿನ ಕೆಲಸ ಶುರುವಾಗಿ ಕೆಲವು ದಿನವಾಗಿತ್ತು. ಡ್ರೈವರ್ ವೇಣು ಒಂದು ಬೆಳಿಗ್ಗೆ ಹೆಂಗಸರೆಲ್ಲ ಬರುವ ಮುಂಚೆ ಅವಳ ಹತ್ತಿರ ಬಂದು ತಲೆ ಕೆರೆದುಕೊಂಡ. ಹೋಳೂರಿನ ಕಡೆಯ ಹುಡುಗ, ಮಾತು ಕಡಿಮೆ.

"ಅಕ್ಕಾ, ಬ್ರೇಕು ಯಾಕೋ ಸರಿಯಿಲ್ಲ. ಎರಡು ಸಲ ತುಳಿದ್ರೇನೇ ಹಿಡಿಯೋದು. ಓನರ್‌ಗೆ ಹೇಳಿದ್ರೆ ನನ್ನೇ ಬೈತಾರೆ. ನೀವೊಂದು ಮಾತು ಹೇಳ್ತೀರಾ?"

ಅವಳು ಅಂದೇ ಸಂಜೆ ತಮ್ಮನನ್ನು ಕೇಳಿದಳು. ಅವನು ನಕ್ಕುಬಿಟ್ಟ.

"ನೀನೇ ಬೊಟ್ಟಿಟ್ಟ ಬ್ರೇಕ್ ಅಲ್ವೇನಕ್ಕಾ ಅದು? ಕೋಲಾರದಲ್ಲಿ ಮಿಷನ್ ಮೇಲೆ ಹತ್ತಿಸಿ ನೋಡಿದಾರೆ. ಎಡಗಡೆ ಚಕ್ರ ಎಷ್ಟು ಹಿಡಿಯುತ್ತೆ, ಬಲಗಡೆ ಎಷ್ಟು ಹಿಡಿಯುತ್ತೆ, ಗಾಡಿ ತೂಕಕ್ಕೆ ಅದು ಸಾಕಾ ಸಾಲದಾ, ಎಲ್ಲ ಮಿಷನ್ನೇ ಹೇಳುತ್ತೆ. ಅದಕ್ಕಿಂತ ಇವನು ದೊಡ್ಡೋನಾ? ನಿನ್ನಾಣೆ ಅಕ್ಕಾ, ಬ್ರೇಕ್ ಗಟ್ಟಿಯಾಗಿದೆ. ಅವನಿಗೆ ಓಡ್ಸೋಕೆ ಬರಲ್ಲ ಅಷ್ಟೆ."

ಅಕ್ಕನ ಆಣೆ ಹಾಕಿ ತಮ್ಮ ಸುಳ್ಳು ಹೇಳುತ್ತಾನೆಯೇ? ಶಾಮಲಮ್ಮನ ತಲೆಗೆ ಅದು ಬರಲೂ ಇಲ್ಲ. ಮಾರನೇ ಬೆಳಿಗ್ಗೆ ಎಲ್ಲರೆದುರಿಗೇ ವೇಣುವನ್ನು ತರಾಟೆಗೆ ತೆಗೆದುಕೊಂಡಳು.

"ಏನ್ಲಾ, ನನ್ನ ತಮ್ಮನ ಗಾಡಿಗೇ ಹೆಸರಿಡ್ತೀಯಾ? ನೆಟ್ಟಗೆ ಓಡ್ಸೋದು ಕಲಿ ಮೊದ್ಲು."

ಹೆಂಗಸರು ಗೊಳ್ಳೆಂದು ನಕ್ಕರು. ವೇಣು ಕೆಂಪಗಾಗಿ ಸ್ಟೇರಿಂಗ್ ಹಿಂದೆ ಕೂತ. ಎಂದಿನಂತೆ ಶಾಮಲಮ್ಮ ಮುಂದಿನ ಸೀಟಿನಲ್ಲಿ ಕೂತಳು. ಅವಳು ಕೂತರೆ ಉಳಿದವರೆಲ್ಲ ಹತ್ತುವುದು ರೂಢಿ.

ಆ ವಾರವೇ ಕೊಂಡಮ್ಮ ತನ್ನ ಮಗಳು ಮೌನಿಕಾಳನ್ನು ಮೊದಲ ಸಲ ಕೆಲಸಕ್ಕೆ ಕಳಿಸಿದ್ದು. ಹುಡುಗಿ ಪಿಯುಸಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಳು. ಮನೆಯಲ್ಲಿ ಕೂತು ಬೇಜಾರು ಎಂದು ತಾನೇ ಹಟ ಮಾಡಿದಳು. ಕೊಂಡಮ್ಮನಿಗೆ ಇಷ್ಟವಿರಲಿಲ್ಲ. ಶಾಮಲಮ್ಮನೇ ಒಪ್ಪಿಸಿದ್ದು. "ನನ್ನ ತಮ್ಮನ ಗಾಡಿ ಕಣೇ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ತಂದುಬಿಡ್ತೀನಿ. ನಾನಿಲ್ವಾ?"

ಅದು ಆದದ್ದು ಒಂದು ಸೋಮವಾರ. ಶ್ರೀನಿವಾಸಪುರ ಇನ್ನೇನು ಬಂತು ಅನ್ನುವಾಗ ಕೆರೆ ಏರಿಯಿಂದ ರಸ್ತೆ ಇಳಿಯುತ್ತದೆ. ಇಳಿಜಾರಿನ ಕೊನೆಯಲ್ಲಿ ಬಾದಾಮಿ ಮಾವಿನ ಕ್ರೇಟು ಹೇರಿಕೊಂಡ ಟ್ರ್ಯಾಕ್ಟರೊಂದು ಟೈರು ಪಂಚರಾಗಿ ನಿಂತಿತ್ತು, ಅದರ ಸುತ್ತ ನಾಲ್ಕಾರು ಜನ. ಶಾಮಲಮ್ಮ ಹಿಂದೆ ತಿರುಗಿ ಯಾರದೋ ಮಾತಿಗೆ ನಗುತ್ತಿದ್ದಳು. ವೇಣುವಿನ ಕಾಲು ಒಂದು ಸಲ, ಎರಡು ಸಲ, ಮೂರು ಸಲ ದಬದಬನೆ ತುಳಿದ ಸದ್ದು ಮಾತ್ರ ಕೇಳಿಸಿತು. "ಅಕ್ಕಾ, ಹಿಡ್ಕೊಳ್ಳಿ!" ಎಂದು ಅವನು ಕೂಗಿದ. ಆ ಜನರ ಮೇಲೆ ಹೋಗಬಾರದೆಂದು ವ್ಯಾನನ್ನು ಎಡಕ್ಕೆಳೆದು ಹುಣಿಸೆಮರಕ್ಕೆ ಗುದ್ದಿಸಿದ.

ಉಳಿದವರಿಗೆಲ್ಲ ತರಚು ಗಾಯ, ಬಾವು. ಮೌನಿಕಾ ಹಿಂದೆ, ಮರಕ್ಕೆ ಬಡಿದ ಎಡಬದಿಯ ಬಾಗಿಲ ಪಕ್ಕ ಕೂತಿದ್ದಳು. ನುಜ್ಜಾದ ತಗಡಿನೊಳಗಿಂದ ಅವಳ ಕಾಲನ್ನು ಬಿಡಿಸಲು ತುಂಬ ಹೊತ್ತು ಹಿಡಿಯಿತು. ಕೋಲಾರದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆಯಲೇಬೇಕಾಯಿತು.

ಆಸ್ಪತ್ರೆಯ ವರಾಂಡದಲ್ಲಿ ಕೊಂಡಮ್ಮ ಅಳುತ್ತಿರಲಿಲ್ಲ. ಶಾಮಲಮ್ಮ ಹತ್ತಿರ ಹೋದಾಗ ಅವಳು ಮನೆಮಾತಾದ ತೆಲುಗಿನಲ್ಲೇ ಅಂದಳು, "ನೀ ಮೊಕಂ ಜೂಸಿ ಪಂಪಿಸ್ತಿ ಗದಾ." ಆಮೇಲೆ, ಕೇಳಿಸಿತೋ ಇಲ್ಲವೋ ಎಂಬಂತೆ, ಕನ್ನಡದಲ್ಲೂ ಹೇಳಿದಳು. "ನಿನ್ನ ಮುಖ ನೋಡಿ ಕಳ್ಸಿದೆ. ಗಾಡಿ ನೋಡಿ ಅಲ್ಲ."

ಶಾಮಲಮ್ಮನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಕಾಂತರಾಜ್ ಅವಳನ್ನು ಮೂಲೆಗೆ ಕರೆದ.

"ಅಕ್ಕಾ, ವೇಣು ಫೋನಲ್ಲಿ ಮಾತಾಡ್ತಿದ್ದ ಅಂತ ಸ್ಟೇಷನ್‌ನಲ್ಲಿ ಹೇಳಿದೀನಿ. ನೀನು ಮುಂದೆ ಕೂತಿದ್ದೆಯಲ್ಲ, ನಿನ್ನನ್ನೂ ಕೇಳ್ತಾರೆ. ಹೌದು ಅನ್ನು ಸಾಕು."

"ನಾನು ಹಿಂದಕ್ಕೆ ತಿರುಗಿದ್ದೆ ಕಣೋ. ಫೋನ್ ಗೀನ್ ನಾನು ಕಾಣೆ."

"ಕಾಣದೆ ಇದ್ರೂ ಅನ್ನು. ಇಲ್ದಿದ್ರೆ ಎಲ್ಲ ನನ್ನ ತಲೆ ಮೇಲೆ ಬರುತ್ತೆ. ನಾಳೆ ಮಧ್ಯಾಹ್ನ ಆರ್‌ಟಿಓ ಇನ್ಸ್‌ಪೆಕ್ಟರ್ ಬಂದು ಬ್ರೇಕ್ ನೋಡ್ತಾರೆ. ಬ್ರೇಕ್ ಚೆನ್ನಾಗಿದೆ ಅಂತ ಬರ್ಕೊಂಡ್ರೆ ತಪ್ಪು ಡ್ರೈವರ್‌ದೇ ಅಂತಾಗುತ್ತೆ. ನೀನೂ ಒಂದು ಮಾತು ಹೇಳಿದ್ರೆ ಮುಗೀತು."

ಅಂದರೆ ವೇಣು ಜೈಲಿಗೆ ಹೋಗುತ್ತಾನೆ. ಅದೂ ಅವಳ ಬಾಯಿಂದ ಬಂದ ಮಾತಿಗೆ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಹುಡುಗ ಫೋನು ಹಿಡಿದಿದ್ದರೂ ಹಿಡಿದಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಬ್ರೇಕಂತೂ ಗಟ್ಟಿಯಿದೆ, ತಮ್ಮ ಆಣೆ ಹಾಕಿದ್ದಾನೆ. ಆದರೆ ಆ ದಬದಬ ತುಳಿದ ಸದ್ದು? ಅದು ಕಿವಿಯಿಂದ ಹೋಗಲೊಲ್ಲದು.

ಮಾರನೇ ಬೆಳಿಗ್ಗೆ ಅವಳು ಬಸ್ಸು ಹಿಡಿದು ಶ್ರೀನಿವಾಸಪುರಕ್ಕೆ ಹೋದಳು. ಸ್ಟೇಷನ್ ಅಂಗಳದಲ್ಲಿ ಹಿಡಿದು ತಂದ ಮರಳು ಲಾರಿಗಳೇ ತುಂಬಿದ್ದರಿಂದ ವ್ಯಾನನ್ನು ಮುಳಬಾಗಿಲು ರಸ್ತೆಯಲ್ಲಿದ್ದ ಕೋದಂಡರಾಮಪ್ಪನ ಗ್ಯಾರೇಜಿನಲ್ಲಿ ನಿಲ್ಲಿಸಿದ್ದರು. ಹೆಂಗಸರ ಊಟದ ಡಬ್ಬಿಗಳೆಲ್ಲ ಅದರಲ್ಲೇ ಉಳಿದಿದ್ದವು, ತೆಗೆದುಕೊಂಡು ಹೋಗೋಣ ಎಂದು ಬಂದಿದ್ದಳು. ಕಾವಲಿಗಿದ್ದ ಪೇದೆ ಟೀಗೆ ಹೋಗಿದ್ದ.

ವ್ಯಾನಿನ ಹಿಂದಿನ ಚಕ್ರ ಕಳಚಿತ್ತು. ಕೋದಂಡರಾಮಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ನಿಂತಿದ್ದ ಕಾಂತರಾಜ್ ಅವಳನ್ನು ಕಂಡು ಒಂದು ಹೆಜ್ಜೆ ಹಿಂದಿಟ್ಟ. ಕೆಳಗೆ ಗೋಣಿಚೀಲದ ಮೇಲೆ ಬ್ರೇಕ್ ಶೂಗಳಿದ್ದವು. ಅವುಗಳ ಮೇಲೆ ಬೊಟ್ಟಿತ್ತು. ಹರಳೆಣ್ಣೆಯಲ್ಲಿ ಕಲಸಿದ, ಕಪ್ಪಿಟ್ಟ ದೊಡ್ಡ ಬೊಟ್ಟು. ತನ್ನ ಬೆರಳಿನ ಗುರುತು ತನಗೆ ಗೊತ್ತಾಗದೇ?

"ಇದು ನಾನು ಬೊಟ್ಟಿಟ್ಟಿದ್ದು" ಎಂದಳು. "ಇದು ಹೊರಗೆ ಯಾಕಿದೆ?"

ಅವಳು ಬಗ್ಗಿ ನೋಡಿದಳು. ಲೈನರು ಹೊಚ್ಚ ಹೊಸದಾಗಿತ್ತು. ಚಕ್ರದೊಳಗೆ ಇನ್ನೂ ಬಿಚ್ಚದೆ ಉಳಿದಿದ್ದ ಶೂ ನೋಡಿದಳು. ಅದರ ಲೈನರು ಸವೆದು ತೆಳ್ಳಗಾಗಿ, ಒಳಗಿನ ರಿವೆಟ್ಟು ಬೆಳ್ಳಗೆ ಹೊಳೆಯುತ್ತಿತ್ತು. ಸುತ್ತ ಎಣ್ಣೆ ಸೋರಿ ಒದ್ದೆಯಾಗಿತ್ತು. ಇದನ್ನು ಅರ್ಥಮಾಡಿಕೊಳ್ಳಲು ಮೆಕ್ಯಾನಿಕ್ಕೇ ಆಗಬೇಕಿಲ್ಲ. ಸವೆದ ಚಪ್ಪಲಿ ಯಾವುದು, ಹೊಸದು ಯಾವುದು ಅಂತ ಯಾರಿಗಾದರೂ ತಿಳಿಯುತ್ತದೆ.

"ಎಫ್‌ಸಿ ದಿನ ಹಾಕೋದು, ಬಂದಮೇಲೆ ಬಿಚ್ಚಿಡೋದು, ಈಗ ಇನ್ಸ್‌ಪೆಕ್ಟರ್ ಬರೋ ಮುಂಚೆ ಮತ್ತೆ ಹಾಕೋದು. ಅಷ್ಟೇನಾ?"

"ಎಲ್ಲಾರೂ ಮಾಡ್ತಾರಮ್ಮ" ಎಂದ ಕೋದಂಡರಾಮಪ್ಪ, ತಲೆಯೆತ್ತದೆ. "ನಾನೊಬ್ಬನೇ ಅಲ್ಲ. ಈ ಮಾಡೆಲ್ ಗಾಡಿಯೋರು ನಾಲ್ಕಾರು ಜನ ಸೇರ್ಕೊಂಡು ಒಂದು ಸೆಟ್ ತಂದಿಟ್ಟಿದಾರೆ. ಮೊಳೆಗೆ ನೇತುಹಾಕಿರ್ತೀನಿ. ಯಾರ್ದು ಎಫ್‌ಸಿ ಇರುತ್ತೋ ಅವ್ರಿಗೆ ಹಾಕ್ಕೊಡ್ತೀನಿ."

ಆಗ ಅವಳ ಕಣ್ಣಿಗೆ ಬಿದ್ದದ್ದು ಉಳಿದ ಬೊಟ್ಟುಗಳು. ತಾನು ಇಟ್ಟಾಗ ಇಲ್ಲದಿದ್ದವು ಈಗ ತನ್ನದರ ಪಕ್ಕದಲ್ಲೇ ಸಾಲಾಗಿ ಇದ್ದವು. ಒಂದು ಪುಟ್ಟ ಕುಂಕುಮ, ಒಂದು ಅರಿಸಿನ, ಒಂದು ವಿಭೂತಿಯ ಗೀಟು, ಇನ್ನೊಂದು ನಡುಗುವ ಕೈಯಿಂದ ಇಟ್ಟಂತೆ ಸೊಟ್ಟಗಿತ್ತು.

"ಇವೆಲ್ಲ ಯಾರವು?"

"ಮುತ್ತೈದೆಯರು ಇಟ್ಟ ಬೊಟ್ಟು ಒರೆಸಬಾರ್ದು ಅಂತ ಬಿಟ್ಟಿದೀನಮ್ಮ" ಎಂದು ಮಾತ್ರ ಹೇಳಿದ ಕೋದಂಡರಾಮಪ್ಪ. ಆಹಾ, ಏನು ಭಕ್ತಿ! ಚಕ್ರದಿಂದ ಬ್ರೇಕು ಕಳಚುವಾಗ ನಡುಗದ ಕೈ ಕುಂಕುಮ ಒರೆಸಲು ನಡುಗಿತಂತೆ.

ಶಾಮಲಮ್ಮ ತಮ್ಮನ ಕಡೆ ತಿರುಗಿದಳು. "ಬಿಚ್ಚಿಡೋದಕ್ಕೆ ನನ್ನ ಕೈಲಿ ಬೊಟ್ಟು ಯಾಕೆ ಇಡ್ಸಿದೆ?"

"ಪಾಸಾಗ್ಲಿ ಅಂತ" ಎಂದ ಕಾಂತರಾಜ್. "ನಿನ್ನ ಕೈ ಒಳ್ಳೇದು ಅಂತ ನಿಜವಾಗ್ಲೂ ನಂಬಿದೀನಿ ಅಕ್ಕಾ."

"ಮತ್ತೆ ನನ್ನ ಮೇಲೆ ಆಣೆ ಹಾಕಿದ್ದು?"

"ಅವನು ನಿಧಾನಕ್ಕೆ ಓಡಿಸಿದ್ರೆ ಏನೂ ಆಗ್ತಿರ್ಲಿಲ್ಲ. ಸೀಜನ್ ಮುಗಿದ ಮೇಲೆ ಹಾಕಿಸೋಣ ಅಂತಿದ್ದೆ, ಸತ್ಯವಾಗ್ಲೂ. ಗಾಡಿ ಒಂದಿನ ನಿಂತ್ರೆ ಮಂಡಿಯೋರು ಬೇರೆ ವ್ಯಾನ್ ಇಟ್ಕೊಂಡುಬಿಡ್ತಾರೆ. ನೀನು ಮಾತ್ರ ಏನು? ತ್ರಿವೇಣಿನ ನೋಡೋಕೆ ಗಂಡಿನ ಕಡೆಯೋರು ಬಂದಾಗ ಪಕ್ಕದ ಮನೆ ಸರ ತಂದು ಹಾಕ್ಲಿಲ್ವಾ? ಅವ್ರು ಹೋದ್ಮೇಲೆ ಬಿಚ್ಚಿ ಕೊಡ್ಲಿಲ್ವಾ? ಹಂಗೇ ಇದೂ. ತೋರ್ಸೋ ದಿನ ತೋರ್ಸೋದು."

ಆ ಮಾತು ನಿಜವಾಗಿತ್ತು. ಮಗಳು ತ್ರಿವೇಣಿಯ ಕೊರಳಿಗೆ ಅವಳೇ ಎರವಲು ಸರ ಹಾಕಿದ್ದಳು.

"ಹಾಕ್ದೆ ಕಣೋ" ಎಂದಳು. "ಸರ ಬಿಚ್ಚಿಕೊಟ್ಟಿದ್ದಕ್ಕೆ ಯಾರ ಕಾಲೂ ಹೋಗ್ಲಿಲ್ಲ."

ಕಾಂತರಾಜ್ ಅವಳ ಕೈ ಹಿಡಿಯಲು ಬಂದ. ಅವಳು ಬಿಡಿಸಿಕೊಂಡಳು. ಅವನು ಕೂಸಾಗಿದ್ದಾಗಿನಿಂದ ಆ ಕೈಯನ್ನು ಅವಳು ಬಿಡಿಸಿಕೊಂಡದ್ದು ಅದೇ ಮೊದಲು. ಹೊರಗಿನವರು ಮೋಸ ಮಾಡಿದ್ದರೆ ಬೈದು, ಶಾಪ ಹಾಕಿ, ಉಂಡು ಮಲಗಬಹುದಿತ್ತು. ಇವನನ್ನು ಏನೆಂದು ಬೈಯುವುದು? ಇವನಿಗಾಗಿ ತಾನು ಆ ಬಾಯಿಲ್ಲದ ಹುಡುಗನನ್ನು ಹತ್ತು ಜನರೆದುರಿಗೆ ಹೀಯಾಳಿಸಿದ್ದಳು. ಕೊಂಡಮ್ಮನ ಮಗಳನ್ನು ತಾನೇ ಕರೆತಂದು ಆ ಬಾಗಿಲ ಪಕ್ಕ ಕೂರಿಸಿದ್ದಳು.

ಅವಳು ಬಗ್ಗಿ ಗೋಣಿಚೀಲದ ಮೇಲಿದ್ದ ಶೂಗಳನ್ನೆಲ್ಲ ಸೆರಗಿಗೆ ಹಾಕಿಕೊಂಡಳು. ಭಾರವಾಗಿದ್ದವು. ಹಾಗೇ ಹೋಗಿ ವ್ಯಾನಿನ ಮುಂದಿನ ಸೀಟಿನಲ್ಲಿ, ದಿನಾ ಕೂರುವ ಜಾಗದಲ್ಲಿ, ಕೂತಳು.

"ಅಕ್ಕಾ, ಇಳಿ. ಟೈಮಾಗ್ತಿದೆ."

"ಆಗ್ಲಿ."

"ನನ್ನ ಜೈಲಿಗೆ ಹಾಕಿಸ್ತೀಯಾ? ನೀನು ಸಾಕಿದ ನನ್ನನ್ನ?"

"ಅದೂ ಯಾರೋ ಸಾಕಿದ ಮಗಾನೇ, ಆ ವೇಣು."

ಕಾಂತರಾಜ್ ಬೇಡಿಕೊಂಡ, ರೇಗಿದ, ಕಡೆಗೆ ಅತ್ತ. ಶಾಮಲಮ್ಮನೂ ಅತ್ತಳು, ಆದರೆ ಇಳಿಯಲಿಲ್ಲ. ಹಿಂದಿನ ಸೀಟಿನ ಕೆಳಗೆ ಮೌನಿಕಾಳ ಚಪ್ಪಲಿ ಜೋಡಿ ಬಿದ್ದಿತ್ತು. ಅದನ್ನು ನೋಡಿದ ಮೇಲೆ ಇಳಿಯುವ ಮಾತೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಮಧ್ಯಾಹ್ನ ಬಂದರು. "ಯಾರಮ್ಮ ನೀವು?" ಎಂದು ಕೇಳಿದರು.

"ಗಾಡಿ ಓನರ್ ಅಕ್ಕ, ಸಾರ್" ಎಂದಳು ಶಾಮಲಮ್ಮ. ಸೆರಗಿನಲ್ಲಿದ್ದುದನ್ನು ಅವರ ಮುಂದೆ ಸುರಿದಳು. "ಇದು ಪಾಸಾದ ಬ್ರೇಕು. ಗಾಡೀಲಿರೋದು ಬೇರೆ, ನೀವೇ ನೋಡಿ. ಆ ಹುಡುಗ ಫೋನ್ ಹಿಡಿದಿದ್ದು ನಾನು ನೋಡಿಲ್ಲ. ಬ್ರೇಕ್ ಸರಿಯಿಲ್ಲ ಅಂತ ಅವನು ಮುಂಚೇನೇ ಹೇಳಿದ್ದ. ನಾನೇ ಬೈದು ಬಾಯಿ ಮುಚ್ಚಿಸ್ದೆ."

ಸ್ಟೇಷನ್ನಿನಲ್ಲಿ ಹಿಡಿದಿಟ್ಟಿದ್ದ ವೇಣು ಹೊರಗೆ ಬಂದ. ಕಾಂತರಾಜನ ಮೇಲೆ ಕೇಸಾಯಿತು, ಕೋದಂಡರಾಮಪ್ಪನ ಮೇಲೂ ಆಯಿತು. ಆದರೆ ಬೊಟ್ಟುಗಳು ಯಾರ ಗಾಡಿಯವು ಎಂದು ಎಷ್ಟು ಕೇಳಿದರೂ ಇಬ್ಬರೂ ಬಾಯಿ ಬಿಡಲಿಲ್ಲ. "ಯಾರ್ಯಾರೋ ಬರ್ತಾರೆ ಸಾರ್, ನೆನಪಿಲ್ಲ" ಎಂದ ಕೋದಂಡರಾಮಪ್ಪ. ಜೊತೆಯವರ ಹೆಸರು ಹೇಳುವುದು ಮರ್ಯಾದೆಯಲ್ಲ ಎಂದು ಕಾಂತರಾಜ್ ಸುಮ್ಮನಿದ್ದ. ಶಾಮಲಮ್ಮನಿಗೆ ಅನ್ನ ಸೇರುತ್ತಿರಲಿಲ್ಲ. ಆ ಅರಿಸಿನ ಇಟ್ಟವಳು ಯಾವ ಊರಿನವಳೋ, ಆ ಸೊಟ್ಟ ಬೊಟ್ಟು ಯಾವ ಮುದುಕಿಯದೋ. ಅವರೂ ತನ್ನ ಹಾಗೇ ನಂಬಿ ಕೂತಿರುತ್ತಾರೆ. ಅವರ ಮಕ್ಕಳೂ ಹತ್ತಿ ಹೋಗುತ್ತಿರುತ್ತಾರೆ.

ಬಾದಾಮಿ ಮುಗಿದು ತೋತಾಪುರಿ ಶುರುವಾಯಿತು. ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ನಿಂತುಕೊಂಡು ಮಂಡಿಗೆ ಹೋಗಿಬರುತ್ತಿದ್ದರು. ಜಾಮೀನಿನ ಮೇಲಿದ್ದ ಕಾಂತರಾಜ್ ವ್ಯಾನು ಬಿಡಿಸಿಕೊಂಡು, ರಿಪೇರಿ ಮಾಡಿಸಿ, ಒಂದು ಬೆಳಿಗ್ಗೆ ಅರಳಿಕಟ್ಟೆಗೆ ತಾನೇ ಓಡಿಸಿಕೊಂಡು ಬಂದ. ಹೆಂಗಸರು ಮುಖ ಮುಖ ನೋಡಿಕೊಂಡರು. ಮಗಳ ಊಟ ಹಿಡಿದು ಕೋಲಾರದ ಬಸ್ಸಿಗೆ ನಿಂತಿದ್ದ ಕೊಂಡಮ್ಮ ಮುಖ ಆ ಕಡೆ ತಿರುಗಿಸಿದಳು.

ಕಾಂತರಾಜ್ ಇಳಿದು ಅಕ್ಕನ ಮುಂದೆ ನಿಂತ. ಗಡ್ಡ ಬಂದಿತ್ತು, ಸೊರಗಿದ್ದ. "ಎಲ್ಲಾ ಹೊಸದು ಹಾಕ್ಸಿದೀನಿ ಅಕ್ಕಾ. ಗಾಡೀಲೇ ಇದೆ. ಈ ಸಲ ಸುಳ್ಳಲ್ಲ. ಒಂದು ಬೊಟ್ಟಿಡು, ಎಲ್ಲಾರೂ ಹತ್ತಲಿ."

ಶಾಮಲಮ್ಮ ರಸ್ತೆಯುದ್ದಕ್ಕೂ ಸ್ವಲ್ಪ ದೂರ ನಡೆದಳು. ಲೈಟುಕಂಬದ ಹತ್ತಿರ ರಸ್ತೆಯ ಮಧ್ಯಕ್ಕೆ ಹೋಗಿ ಅವನ ಕಡೆ ತಿರುಗಿ ನಿಂತಳು.

"ಬ್ರೇಕ್ ಚೆನ್ನಾಗಿದೆ ಅಂದ್ಯಲ್ಲ. ಜೋರಾಗಿ ಬಂದು ನನ್ನ ಮುಂದೆ ನಿಲ್ಸು."

ಕಾಂತರಾಜ್ ವ್ಯಾನು ಹತ್ತಿದ. ಸ್ಟಾರ್ಟ್ ಮಾಡಿದ. ಇಂಜಿನ್ನು ಗುರುಗುಟ್ಟುತ್ತಲೇ ಇತ್ತು, ಗಾಡಿ ಮುಂದೆ ಬರಲಿಲ್ಲ. ಕೊನೆಗೆ ಇಂಜಿನ್ ಆರಿಸಿ ಇಳಿದುಬಂದ.

"ಪಕ್ಕಕ್ಕೆ ಬಾರಕ್ಕಾ. ನನ್ನ ಕೈಲಾಗಲ್ಲ."

"ಯಾಕೆ? ಹೊಸ ಬ್ರೇಕ್ ಅಲ್ವಾ?"

"ಹೊಸದೇ. ಆದ್ರೂ ನೀನು ನಿಂತಿದೀಯಲ್ಲ..."

"ನಾನು ಎದುರಿಗೆ ನಿಂತಿರೋದು ನಿನ್ನ ಕಣ್ಣಿಗೆ ಕಾಣುತ್ತೆ" ಎಂದಳು ಶಾಮಲಮ್ಮ. "ಆವತ್ತು ಹಿಂದೆ ಕೂತಿದ್ದೋರು ಕಾಣಿಸ್ಲಿಲ್ಲ."

ಕಾಂತರಾಜ್ ಅಲ್ಲೇ ರಸ್ತೆಯ ಅಂಚಿಗೆ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಆ ಅರಿಸಿನದ ಬೊಟ್ಟು... ಅದು ಹುತ್ತೂರು ಕಡೆ ಸ್ಕೂಲ್ ವ್ಯಾನ್‌ದು. ಸೊಟ್ಟ ಬೊಟ್ಟು ದೊಡ್ಡಮುನಿಯಪ್ಪನ ಗಾಡೀದು, ಅವರ ತಾಯಿ ಇಟ್ಟಿದ್ದು. ವಿಭೂತಿ..."

"ನನಗಲ್ಲ" ಎಂದು ಶಾಮಲಮ್ಮ ತಡೆದಳು. "ಕೇಳಬೇಕಾದ ಇನ್ಸ್‌ಪೆಕ್ಟರ್ ಕೋಲಾರದಲ್ಲಿದಾರೆ, ಅವ್ರ ಹತ್ರ ಹೇಳು. ಇವತ್ತೇ. ಸ್ಕೂಲ್ ಬಿಡೋದ್ರೊಳಗೆ."

ಕೋಲಾರದ ಬಸ್ಸು ಬಂತು. ಕೊಂಡಮ್ಮ ಹತ್ತಿದಳು, ಅವಳ ಹಿಂದೆ ಕಾಂತರಾಜ್. ಅವನ ಕಡೆ ಕೊಂಡಮ್ಮ ತಿರುಗಿಯೂ ನೋಡಲಿಲ್ಲ. ಕೊನೆಗೆ ಹತ್ತಿದ ಶಾಮಲಮ್ಮ ತಮ್ಮನ ಪಕ್ಕ ಜಾಗ ಖಾಲಿಯಿದ್ದರೂ ಕೊಂಡಮ್ಮನ ಹತ್ತಿರ ಹೋಗಿ ನಿಂತಳು. ಕೊಂಡಮ್ಮ ಮಡಿಲಲ್ಲಿದ್ದ ಊಟದ ಚೀಲವನ್ನು ಎತ್ತಿ ಕಿಟಕಿಯ ಕಡೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಕೂತಳು.

ಆ ದಿನ ಬಿಳಿ ವ್ಯಾನು ಸಂಜೆಯವರೆಗೂ ಅರಳಿಕಟ್ಟೆಯ ಹತ್ತಿರವೇ ನಿಂತಿತ್ತು. ಅದಕ್ಕೆ ಯಾರೂ ಬೊಟ್ಟಿಟ್ಟಿರಲಿಲ್ಲ.